ಹದಿನೇಳನೇ ಬಾವುಟದ ಶಿವಮಲ್ಲಣ್ಣ

ಶಿವಮಲ್ಲಣ್ಣ ಯಾವ ಬೇಲಿಯನ್ನೂ ನಂಬುವವನಲ್ಲ. ತಾನೇ ಹಾಕಿದ ಬೇಲಿಯನ್ನಂತೂ ಸುತರಾಂ ನಂಬುವುದಿಲ್ಲ. ಕಂಬ ನೆಟ್ಟು, ತಂತಿ ಎಳೆದು, ಸೋಲಾರ್ ಪೆಟ್ಟಿಗೆಯ ಸ್ವಿಚ್ಚು ಒತ್ತಿದ ಮೇಲೆ ಬದುವಿನಿಂದ ಒಂದು ಹಸಿ ಗರಿಕೆ ಕಿತ್ತುಕೊಳ್ಳುತ್ತಾನೆ. ಅದರ ತುದಿಯನ್ನು ತಂತಿಗೆ ತಾಗಿಸಿ, ಕಡ್ಡಿಯನ್ನು ನಿಧಾನಕ್ಕೆ ಮುಂದಕ್ಕೆ ಜಾರಿಸುತ್ತಾ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಬೆರಳಿಗೆ ಟಿಕ್ ಟಿಕ್ ಎಂದು ಬಡಿತ ಸಿಕ್ಕಾಗ ನಾಡಿ ನೋಡಿದ ಪಂಡಿತನ ಹಾಗೆ ತಲೆಯಾಡಿಸುತ್ತಾನೆ. ಅಲ್ಲಿಗೂ ಮುಗಿಯಲಿಲ್ಲ. ಕೊನೆಗೊಮ್ಮೆ ಬರಿಗೈಯಲ್ಲಿ ತಂತಿ ಮುಟ್ಟಿ, ಹಿಂದಕ್ಕೆ ನೆಗೆದು, ಪಂಚೆ ಕೊಡವಿಕೊಂಡು "ಅದೆ" ಎಂದರೆ ಮಾತ್ರ ಬೇಲಿಯಲ್ಲಿ ಕರೆಂಟು ಇದೆ, ಕೆಲಸ ಮುಗಿಯಿತು ಎಂದು ಅರ್ಥ.

"ನಾ ಮುಟ್ದೇ ಇರದ್ನ ಇನ್ನೊಂದ್ ಜೀವಕ್ಕೆ ಮುಟ್ಸಕ್ಕಿಲ್ಲ ಕಣಪ್ಪ" ಎನ್ನುವುದು ಅವನ ಮಾತು.

ಹುಟ್ಟಿದ್ದು ಬಂಡೀಪುರದ ಮದ್ದೂರು ಕಡೆಯ ಕಾಡಂಚಿನಲ್ಲಿ. ಮೀಸೆ ಮೂಡುವ ಮೊದಲೇ ಅಟ್ಟಣೆ ಹತ್ತಿ ರಾಗಿ ಹೊಲ ಕಾಯಲು ಕುಳಿತು, ಡಬ್ಬ ಬಡಿದು, ಆನೆಗಳನ್ನು ಕೂಗಿ ಕೂಗಿ ಓಡಿಸಿ ಗಂಟಲನ್ನು ಹಿಗ್ಗಿಸಿಕೊಂಡುಬಿಟ್ಟವನು. ಈಗಲೂ ಅವನು ಕಿವಿಯಲ್ಲಿ ಗುಟ್ಟು ಹೇಳಿದರೆ ಮೂರು ಹೊಲದಾಚೆ ಕಳೆ ಕೀಳುವವರು ತಲೆ ಎತ್ತಿ ನೋಡುತ್ತಾರೆ. ಸೋಲಾರ್ ಬೇಲಿ ಬಂದ ಮೇಲೆ ಅಟ್ಟಣೆಯಿಂದಿಳಿದು ಅದರ ಕೆಲಸ ಕಲಿತ. ಹೆಂಡತಿ ಚಾಮುಂಡಿಯ ತವರು ಬೇಗೂರು, ಅಲ್ಲೇ ನೆಲೆಯಾದ. ಒಮ್ಮೆ ಪುಣಜನೂರಿನ ಹತ್ತಿರ ಅವನು ಹಾಕಿದ ಬೇಲಿಯ ಮೇಲೆ ಒಂಟಿ ಆನೆಯೊಂದು ಒಣಮರ ಉರುಳಿಸಿ, ತಂತಿಯನ್ನು ನೆಲಕ್ಕೆ ಮಲಗಿಸಿ, ಆರಾಮಾಗಿ ದಾಟಿ ಹೋಗಿತ್ತು. ಶಿವಮಲ್ಲಣ್ಣನಿಗೆ ಸಿಟ್ಟೇ ಬರಲಿಲ್ಲ. ಎಂಟು ದಿನ ಆ ಆನೆಯ ಬುದ್ಧಿಯನ್ನೇ ಊರೆಲ್ಲ ಹೊಗಳಿಕೊಂಡು ತಿರುಗಿದ. "ನಮ್ ಮಕ್ಳು ಪಾಸಾದಾಗ್ಲೂ ಇಂಗೆ ಯೋಳ್ಕಂಡ್ ತಿರುಗ್ನಿಲ್ಲ ಈ ಮನ್ಸ" ಎಂದು ಚಾಮುಂಡಿ ಇವತ್ತಿಗೂ ಮೂತಿ ತಿರುಗಿಸುತ್ತಾಳೆ.

ಹೀಗೆ ಮೂವತ್ತು ವರ್ಷ ಹೊರಗಿನದು ಒಳಗೆ ಬರದ ಹಾಗೆ ಬೇಲಿ ಹಾಕಿದವನಿಗೆ ಒಂದು ಮಂಗಳವಾರ ಊರಾಚೆ ಹೊಲದ ಮನೆಯ ಮಾದಮ್ಮನ ಸೊಸೆ ವನಿತಾ ಫೋನು ಮಾಡಿದಳು. "ಶಿವಮಲ್ಲಣ್ಣ, ನಮ್ಮ ನಾಯಿ ಹೊರಗಡೆ ಹೋಗದೇ ಇರೋ ಥರ ಒಂದು ಕರೆಂಟ್ ಬೇಲಿ ಬೇಕಿತ್ತು."

ಶಿವಮಲ್ಲಣ್ಣ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದ.

"ಒಳಗಡೆಯಿಂದ್ಲಾ?"

"ಹೌದು, ಒಳಗಡೆಯಿಂದ."

"ಬತ್ತೀನಿರು" ಎಂದ ಶಿವಮಲ್ಲಣ್ಣ. ಫೋನಿನಲ್ಲಿ ನಿಭಾಯಿಸುವ ಸಂಗತಿ ಇದಲ್ಲ ಎಂದು ಅವನಿಗೆ ಅನ್ನಿಸಿತ್ತು.

ವನಿತಾ ಮೈಸೂರಿನ ಇಂಗ್ಲಿಷ್ ಸ್ಕೂಲಿನಲ್ಲಿ ಓದಿದವಳು. ಕಾಯಿಸಿ ಆರಿಸಿದ ನೀರನ್ನು ಮಗುವಿಗೆ ಕುಡಿಸುವ ಮೊದಲು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡುವ ಜಾತಿ. ಮದುವೆಯಾಗಿ ಬಂದದ್ದು ಬೇಗೂರಿನಿಂದ ಎರಡು ಕಿಲೋಮೀಟರ್ ಒಳಗಿರುವ ಹೊಲದ ಮನೆಗೆ. ಗಂಡ ಚಂದ್ರಕುಮಾರನಿಗೆ ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ಮನೆಯಲ್ಲಿ ಉಳಿಯುವವರು ಅತ್ತೆ ಮಾದಮ್ಮ, ಎರಡು ವರ್ಷದ ಮಗಳು ಭಾನು ಮತ್ತು ಜೀಪು.

ಜೀಪು ನಾಯಿ. ಮರಿಯಾಗಿದ್ದಾಗ ಬೇಗೂರಿನ ಟೀ ಅಂಗಡಿ ಮುಂದೆ ನಿಂತಿದ್ದ ಫಾರೆಸ್ಟಿನವರ ಜೀಪಿನ ಕೆಳಗೆ ಸಿಕ್ಕಿದ್ದಕ್ಕೆ ಆ ಹೆಸರು. ಭಾನುವಿಗೆ ಬರುವ ನಾಲ್ಕು ಮಾತುಗಳಲ್ಲಿ ಮೊದಲನೆಯದೇ ಜೀಪು. ಜೀಪು ಹೋದಲ್ಲಿಗೆ ಭಾನು. ಕೊಟ್ಟಿಗೆಗೆ ಹೋದರೆ ಕೊಟ್ಟಿಗೆ, ತಿಪ್ಪೆಗೆ ಹೋದರೆ ತಿಪ್ಪೆ. ಅಲ್ಲಿಯವರೆಗೆ ಪರವಾಗಿಲ್ಲ, ತೊಳೆದರೆ ಹೋಗುತ್ತದೆ. ಆದರೆ ಬಿಸಿಲೇರಿದ ಮೇಲೆ ಜೀಪು ನೀರು ಕುಡಿಯಲು ಹೋಗುವುದು ಪಕ್ಕದ ಬಸವಪ್ರಸಾದನ ಕೃಷಿಹೊಂಡಕ್ಕೆ. ಮನೆಯಲ್ಲಿ ಮೂರು ಕಡೆ ಬಟ್ಟಲಿನಲ್ಲಿ ನೀರಿಟ್ಟರೂ ಅದಕ್ಕೆ ಆ ಹೊಂಡದ್ದೇ ರುಚಿ.

ಮನೆಯಿಂದ ನೂರೈವತ್ತು ಹೆಜ್ಜೆ. ಎರಡಾಳು ಆಳ. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದ್ದು, ಕಾಲು ಜಾರಿದರೆ ದೊಡ್ಡವರಿಗೂ ಹತ್ತಿ ಬರಲಾಗದು. ದೀಪಾವಳಿ ಕಳೆದ ಮೂರನೇ ದಿನ ವನಿತಾ ಬಟ್ಟೆ ಒಣಹಾಕಿ ತಿರುಗುವಷ್ಟರಲ್ಲಿ ಮಗು ಇರಲಿಲ್ಲ. ಅರಿಸಿನದ ಹೊಲದ ಆಚೆ ಗೆಜ್ಜೆ ಸದ್ದು. ಓಡಿ ನೋಡಿದರೆ ಜೀಪು ನೀರು ನೆಕ್ಕುತ್ತಿದೆ, ಅದರ ಬಾಲ ಹಿಡಿದುಕೊಂಡು ಹೊಂಡದ ಅಂಚಿನಲ್ಲಿ ಭಾನು ಕುಕ್ಕರಗಾಲಲ್ಲಿ ಕುಳಿತು ಹಾಳೆಯ ಮೇಲೆ ಮಣ್ಣಿನ ಹೆಂಟೆ ಜಾರಿಸುತ್ತಿದ್ದಾಳೆ. ಅವು ಒಂದೊಂದಾಗಿ ಬುಳಕ್ ಎನ್ನುತ್ತಿದ್ದವು. ಆ ಸದ್ದು ವನಿತಾಳ ಕಿವಿಯಿಂದ ಆಮೇಲೆ ಹೋಗಲೇ ಇಲ್ಲ. ಅನ್ನ ಕುದಿಯುವಾಗಲೂ ಅದೇ ಸದ್ದು.

ಹೊಂಡಕ್ಕೆ ಬೇಲಿ ಹಾಕಿಸಿ ಎಂದು ಬಸವಪ್ರಸಾದನಿಗೆ ಹೇಳಿರಲಿಲ್ಲವೇ? ಹೇಳಿದ್ದರು. "ಆಯುಧಪೂಜೆ ಆಗ್ಲಿ ಅತ್ಗೆ" ಎಂದಿದ್ದ. ಆಯುಧಪೂಜೆ ಆಯಿತು. "ದೀಪಾವಳಿ ಕಳೀಲಿ" ಎಂದ. ಕಳೆಯಿತು. "ಅರಿಸ್ನ ಕಿತ್ ಮ್ಯಾಲೆ ಆಕ್ಸೇ ಆಕುಸ್ತೀನಿ" ಎಂದ. ನಮ್ಮ ಖರ್ಚಿನಲ್ಲೇ ಹಾಕಿಸುತ್ತೇನೆ ಎಂದು ಚಂದ್ರಕುಮಾರ ಕೇಳಿದ್ದಕ್ಕೆ ಮುಖ ಕೆಂಪಗೆ ಮಾಡಿಕೊಂಡು, "ನನ್ ಹೊಂಡಕ್ಕೆ ನೀನ್ ಬೇಲಿ ಆಕುಸ್ತೀಯಾ ಚಂದ್ರಣ್ಣ? ನಾನೇನ್ ಸತ್ತೋಗಿವ್ನಾ?" ಎಂದು ಒಂದು ವಾರ ಮಾತು ಬಿಟ್ಟಿದ್ದ.

ನಾಯಿಯನ್ನು ಕಟ್ಟಿಹಾಕೋಣವೆಂದರೆ ಮಾದಮ್ಮ ಒಪ್ಪಲಿಲ್ಲ. "ಕಟ್ಟಾಕ್ಬುಟ್ರೆ ಚಿರ್ತೆಗೆ ತಟ್ಟೇಲಿ ಇಕ್ಕಿ ಕೊಟ್ಟಂಗಾಯ್ತದೆ ಕಣಮ್ಮಿ. ಬುಟ್ಟಿದ್ರೆ ಓಡಾದ್ರೂ ಓಡ್ತದೆ. ಕಟ್ಟಾಕದಾದ್ರೆ ಕೂಸ್ನೇ ಕಟ್ಟಾಕು. ನಿನ್ ಗಂಡನ್ನ ಸೀರೇಲಿ ಕಂಬಕ್ಕೆ ಕಟ್ಟಿ ಕಳೆ ಕೀಳಕ್ಕೆ ಓಯ್ತಿದ್ದೆ. ಏನಾಯ್ತು ಅವನ್ಗೆ?"

ಏನಾಯಿತು ಎಂದು ವನಿತಾ ಕ್ಷಣಕಾಲ ಯೋಚಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಆ ರಾತ್ರಿಯಿಂದ ಫೋನು ಹಿಡಿದು ನಾಯಿಬೇಲಿಗಳನ್ನು ಓದತೊಡಗಿದಳು. ಮೂರು ಬಗೆಯವು ಇದ್ದವು. ಮೂರಕ್ಕೂ ಹೊಗಳಿದವರೂ ತೆಗಳಿದವರೂ ಸರಿಸಮ. ಒಂದು ವಾರ ಓದಿ, ಯಾವುದೂ ಗೊತ್ತಾಗದೆ ಶಿವಮಲ್ಲಣ್ಣನಿಗೆ ಫೋನು ಮಾಡಿದ್ದಳು.

ಶಿವಮಲ್ಲಣ್ಣ ಬಂದು ಜಗಲಿಯಲ್ಲಿ ಕುಳಿತ. ಜೀಪುವನ್ನು ತುಂಬಾ ಹೊತ್ತು ನೋಡಿದ. ಜೀಪುವೂ ಅವನನ್ನು ನೋಡಿತು.

"ತಂತಿ ಕಾಣಕ್ಕಿಲ್ಲ ಅಂತೀಯ."

"ಕಾಣಲ್ಲ ಶಿವಮಲ್ಲಣ್ಣ, ನೆಲದೊಳಗೆ ಹೂತುಹಾಕೋದು. ನಾಯಿ ಕೊರಳಿಗೆ ಒಂದು ಪಟ್ಟಿ. ತಂತಿ ಹತ್ತಿರ ಬಂದರೆ ಮೊದಲು ಪೀಂ ಪೀಂ ಅನ್ನತ್ತೆ. ಇನ್ನೂ ಮುಂದೆ ಹೋದರೆ ಸಣ್ಣದಾಗಿ ಶಾಕ್."

"ಅಂದ್ರೆ ಕರೆಂಟು ಬೇಲೀಲಿಲ್ಲ. ನಾಯಿ ಕೊಳ್ಳಲ್ಲಿ ಅದೆ."

"ಹೌದು."

"ಬೇಲೀನೇ ನಾಯಿ ಕೊಳ್ಳಿಗೆ ಕಟ್ಬುಟ್ರು ಅನ್ನು." ಶಿವಮಲ್ಲಣ್ಣ ಮೆಚ್ಚಿಗೆಯಿಂದ ನಾಲಿಗೆ ಲೊಚಗುಟ್ಟಿದ. "ನಮ್ಮಪ್ಪ ತುಡುಗು ದನೀನ ಕೊಳ್ಳಿಗೆ ಮರದ ತುಂಡು ಕಟ್ತಿದ್ದ. ಓಡಕ್ಕೋದ್ರೆ ಮೊಣಕಾಲ್ಗೆ ಒಡೀತಿತ್ತು. ಅದ್ನೇ ವಸಿ ಓದ್ಸಿ ಬರ್ಸಿ ಮಾಡವ್ರೆ."

ಮಾರನೇ ದಿನ ಚಂದ್ರಕುಮಾರ ಅಂಗಡಿಗೆ ಯಾರನ್ನೋ ಕೂರಿಸಿ, ವನಿತಾ, ಭಾನು ಮತ್ತು ಶಿವಮಲ್ಲಣ್ಣನನ್ನು ಕಾರಿನಲ್ಲಿ ಚಾಮರಾಜನಗರಕ್ಕೆ ಕರೆದುಕೊಂಡು ಹೋದ. ಅಲ್ಲಿ ಮಕ್ಸೂದನ ಪಂಪುಸೆಟ್ಟಿನ ಅಂಗಡಿ. ಸೋಲಾರ್ ಬೇಲಿಯ ಸಾಮಾನನ್ನು ಶಿವಮಲ್ಲಣ್ಣ ಇಪ್ಪತ್ತು ವರ್ಷದಿಂದ ತರುತ್ತಿದ್ದದ್ದು ಅಲ್ಲಿಂದಲೇ. ಬಂಡೀಪುರದ ಕಡೆಯ ರೆಸಾರ್ಟಿನವರು ಕೇಳುತ್ತಾರೆಂದು ಮಕ್ಸೂದ್ ಮೂರು ಬಗೆಯ ನಾಯಿಬೇಲಿಯನ್ನೂ ತರಿಸಿಟ್ಟಿದ್ದ.

"ಬನ್ನಿ ಮೇಡಂ. ಇದು ವೈರ್‌ಲೆಸ್, ತಂತಿನೇ ಬೇಡ. ಮನೇಲಿ ಈ ಡಬ್ಬ ಇಟ್ರೆ ಸುತ್ತ ರೌಂಡಾಗಿ ಕಟ್ಟು. ಅದರಾಚೆ ನಾಯಿ ಹೋಗಲ್ಲ."

"ರೌಂಡಾ?" ಎಂದ ಶಿವಮಲ್ಲಣ್ಣ. "ಇವ್ರ ಜಮೀನು ಪಂಚೆ ಒಣಗ್ಹಾಕ್ದಂಗೆ ಉದ್ದುಕ್ಕದೆ ಕಣ ಮಕ್ಸೂದಣ್ಣ. ಈ ತುದಿ ಮನೆ, ಆ ತುದಿ ಕೊಟ್ಗೆ. ಕೊಟ್ಗೆ ಒಳೀಕ್ ಬರಂಗೆ ರೌಂಡ್ ಎಳುದ್ರೆ ಬಸವಪ್ರಸಾದನ್ ಹೊಂಡನೂ ಒಳೀಕ್ ಬತ್ತದೆ."

ಮೊದಲನೇ ಡಬ್ಬ ಪಕ್ಕಕ್ಕೆ ಸರಿಯಿತು. ವನಿತಾಳಿಗೆ ನಾಚಿಕೆಯಾಯಿತು, ವಾರವೆಲ್ಲ ಓದಿದರೂ ಅವಳಿಗಿದು ಹೊಳೆದಿರಲಿಲ್ಲ.

"ಹಾಗಾದ್ರೆ ಇದು ಜಿಪಿಎಸ್. ಉಪಗ್ರಹದಿಂದಾನೇ ಕೆಲಸ. ಫೋನಲ್ಲಿ ನಿಮ್ಮ ಜಮೀನು ಹೆಂಗಿದ್ಯೋ ಹಂಗೇ ಗೆರೆ ಎಳ್ಕೋಬಹುದು. ನಾಯಿ ಎಲ್ಲಿದೆ ಅಂತಾನೂ ತೋರಿಸುತ್ತೆ, ನೋಡಿ." ಮಕ್ಸೂದ್ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು ಫೋನು ತೆರೆದ. ಪಟ್ಟಿ ಎದುರಿನ ಬೇಕರಿಯಲ್ಲಿದೆ ಎಂದು ಫೋನು ಹೇಳಿತು. ಎಲ್ಲರೂ ಬೇಕರಿಯ ಕಡೆ ನೋಡಿದರು. ಮಕ್ಸೂದ್ ಫೋನನ್ನು ಅಲ್ಲಾಡಿಸಿದ. ಪಟ್ಟಿ ಬೇಕರಿಯಿಂದ ಎದ್ದು ರಸ್ತೆ ಮಧ್ಯಕ್ಕೆ ಬಂದು ನಿಂತಿತು.

"ನಾಯಿ ಬೇಕ್ರಿಗೋದ್ರೆ ಓಗ್ಲಿ ಬುಡಿ" ಎಂದ ಶಿವಮಲ್ಲಣ್ಣ. "ಆದ್ರೆ ಹೊಂಡದತ್ರ ಇರೋ ನಾಯೀನ ಮನೇಲದೆ ಅಂತ ಯೋಳ್ಬುಟ್ರೆ ಈ ತಾಯಿ ಒಳ್ಗೆ ಚಪಾತಿ ಲಟ್ಟುಸ್ತಾ ಕೂತಿರ್ತಳೆ."

ವನಿತಾಳ ಕಿವಿಯಲ್ಲಿ ಬುಳಕ್ ಎಂದಿತು. ಎರಡನೇ ಡಬ್ಬವನ್ನು ಅವಳೇ ದೂರ ತಳ್ಳಿದಳು.

ಉಳಿದದ್ದು ಹೂಳುವ ತಂತಿ. ಶಿವಮಲ್ಲಣ್ಣ ಕೇಳಿದ್ದು ಎರಡೇ ಪ್ರಶ್ನೆ: ಕರೆಂಟು ಹೋದರೆ ಏನು, ಟಿಲ್ಲರ್ ಹೊಡೆದರೆ ಏನು. ಕರೆಂಟು ಹೋದರೆ ಬೇಲಿಯೂ ಹೋಗುತ್ತದೆ, ಟಿಲ್ಲರಿಗೆ ಸಿಕ್ಕರೆ ತಂತಿಯೂ ಹೋಗುತ್ತದೆ ಎಂದು ಮಕ್ಸೂದ್ ಒಪ್ಪಿಕೊಂಡ. "ಅಂಗ್ ಯೋಳು ಮತ್ತೆ" ಎಂದು ಶಿವಮಲ್ಲಣ್ಣನಿಗೆ ಸಮಾಧಾನವಾಯಿತು. ತನ್ನ ಕುಂದು ತಾನೇ ಹೇಳಿಕೊಂಡ ವಸ್ತು ಇದೊಂದೇ. ಪೆಟ್ಟಿಗೆಯನ್ನು ಸೋಲಾರ್ ಬ್ಯಾಟರಿಗೆ ಕೊಡುವುದು, ತಂತಿಯನ್ನು ಉಳುವ ನೆಲದಲ್ಲಿ ಹೂಳದೆ ಬದುವಿನೊಳಗೇ ಸುತ್ತಲೂ ಒಯ್ದು ವಾಪಸ್ ತರುವುದು ಎಂದು ತೀರ್ಮಾನವಾಯಿತು. ಡಬ್ಬದ ಜೊತೆ ನಲವತ್ತು ಪುಟ್ಟ ಬಿಳಿ ಬಾವುಟ ಬಂದವು. ತಂತಿ ಹೋದ ದಾರಿಗುಂಟ ನೆಟ್ಟರೆ ನಾಯಿ ಕಲಿಯುವವರೆಗೆ ಗುರುತಿಗೆ.

ಮೂರು ದಿನದಲ್ಲಿ ತಂತಿ ಹೂತದ್ದಾಯಿತು. ಬಾವುಟಗಳಿಗೆ ವನಿತಾ ಕಪ್ಪು ಮಾರ್ಕರಿನಲ್ಲಿ ಒಂದರಿಂದ ನಲವತ್ತರವರೆಗೆ ದುಂಡಗೆ ನಂಬರು ಬರೆದಳು. ಭಾನು ಯಾವುದನ್ನಾದರೂ ಕಿತ್ತರೆ ಎಲ್ಲಿಯದು ಎಂದು ಗೊತ್ತಾಗಬೇಕಲ್ಲ. ಹೊಂಡದ ಕಡೆ ಹೋಗುವ ಕಾಲುದಾರಿಗೆ ಬಿದ್ದದ್ದು ಹದಿನೇಳು.

"ಶಿವಮಲ್ಲಣ್ಣ, ಒಂದು ಮಾತು" ಎಂದಳು ಮೆಲ್ಲಗೆ. "ನಾಯಿಗೆ ಇಷ್ಟೆಲ್ಲ ಮಾಡಿಸಿದಾಳೆ ಅಂತ ಊರವರು ನಗ್ತಾರೆ. ಇದು ಏನು ಅಂತ ಯಾರಿಗೂ ಹೇಳ್ಬೇಡಿ."

"ನನ್ ಬಾಯಿಂದ ಒಂದ್ ಮಾತು ಬರಕ್ಕಿಲ್ಲ ಕಣವ್ವ!" ಎಂದು ಶಿವಮಲ್ಲಣ್ಣ ಮಾತು ಕೊಟ್ಟ. ಆಚೆ ಹೊಲದವರು ತಲೆ ಎತ್ತಿ ನೋಡಿದರು.

ಆಮೇಲೆ ಪಟ್ಟಿ ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ತನ್ನ ಕೊರಳಿಗೆ ಕಟ್ಟಿಕೊಂಡ.

"ಅಯ್ಯೋ, ಅದು ನಾಯಿಗೆ!"

"ನಾ ಮುಟ್ದೇ ಇರದ್ನ" ಎಂದು ಶುರುಮಾಡಿ, ಮಾತು ಮುಗಿಸದೆ ಹದಿನೇಳನೇ ಬಾವುಟದ ಕಡೆ ನಡೆದೇಬಿಟ್ಟ. ಜೀಪು ಅವನ ಪಕ್ಕದಲ್ಲೇ ಬರಿಗೊರಳಲ್ಲಿ ಹೆಜ್ಜೆ ಹಾಕಿತು. ಎರಡು ಮಾರು ಇರುವಾಗ ಕೊರಳು ಪೀಂ ಎಂದಿತು. ಶಿವಮಲ್ಲಣ್ಣ ನಿಂತು, "ಮಾತಾಡ್ತದೆ" ಎಂದು ಹಿಂತಿರುಗಿ ನಕ್ಕ. ಇನ್ನೆರಡು ಹೆಜ್ಜೆ ಇಟ್ಟ.

"ಅಯ್ಯಯ್ಯಪ್ಪೋ!"

ತಲೆ ಎಡಭುಜಕ್ಕೆ ಬಿತ್ತು, ಬಲಗಾಲು ಮೊಣಕಾಲಿನವರೆಗೆ ಎದ್ದಿತು. ಆ ಭಂಗಿಯಲ್ಲೇ ಕುಪ್ಪಳಿಸಿ ಹಿಂದಕ್ಕೆ ಬಂದ. ಭಾನು ಚಪ್ಪಾಳೆ ತಟ್ಟಿದಳು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಾದಮ್ಮ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. "ಒಪ್ತದೆ ಕಣ್ಲಾ ಶಿವಮಲ್ಲು ಆ ಪಟ್ಟಿ ನಿಂಗೆ! ವನಿತಾ, ಒಂದ್ ಪೋಟ ತಗ್ದು ಚಾಮುಂಡಿಗೆ ಕಳ್ಸಮ್ಮಿ. ನಲ್ವತ್ ವರ್ಸದಿಂದ ಅವ್ಳ ಕೈಲಿ ಆಗದ್ದು ಇವತ್ತಾಯ್ತು ಅಂತ ತಿಳ್ಕಳ್ಲಿ."

"ಬಿಪಿ ಇದೆಯಾ ಶಿವಮಲ್ಲಣ್ಣ? ಹಾರ್ಟು? ಮೊದಲೇ ಕೇಳಬೇಕಿತ್ತು ನಾನು" ಎಂದು ವನಿತಾ ಓಆರ್‌ಎಸ್ ಕದಡಿ ತಂದು ನಿಂತಳು. ಶಿವಮಲ್ಲಣ್ಣ ಅದನ್ನು ಒಂದೇ ಗುಟುಕಿಗೆ ಕುಡಿದು, ಮತ್ತೆರಡು ಸಲ ಹೋಗಿ ಬಂದ. ಮೂರು ಸಲವೂ ತಲೆ ಎಡಕ್ಕೆ, ಕಾಲು ಮೇಲಕ್ಕೆ.

"ಶಾಕ್ಗೆ ಎಂಟ್ ನಂಬ್ರ ಅವೆ ಇದ್ರಲ್ಲಿ. ಎರಡ್ರಲ್ಲಿ ಇಕ್ಕವ್ವ. ನಾ ತಗಂಡಿದ್ದು ಐದು. ಅದು ಆನೇಗೆ." ಕೊರಳು ನೀವಿಕೊಳ್ಳುತ್ತಾ "ಅದೆ" ಎಂದ.

ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ನಾಯಿಗೆ ಪಾಠ ಹೇಳಲು ದಿನಾ ಬೆಳಿಗ್ಗೆ ಬರುತ್ತಿದ್ದ ಶಿವಮಲ್ಲಣ್ಣ ಹದಿನೇಳನೇ ಬಾವುಟ ಬಂದ ಕೂಡಲೇ ನಿಂತುಬಿಡುವನು. ಕೊರಳಲ್ಲಿ ಪಟ್ಟಿಯಿಲ್ಲ, ಅವನಿಗೂ ಗೊತ್ತು. ಆದರೂ ತಲೆ ತಾನಾಗಿ ಎಡಕ್ಕೆ ವಾಲಿ, ಬಲಗಾಲು ತಾನಾಗಿ ಮೇಲೆದ್ದು, ಕೊಕ್ಕರೆಯ ಹಾಗೆ ಕ್ಷಣ ನಿಂತು ದಾಟುವನು. ಅವನನ್ನು ನೋಡಿ ಭಾನುವೂ ಹಾಗೇ ಮಾಡಲು ಕಲಿತಳು. ಮಾದಮ್ಮ ಬಾಯಲ್ಲಿ ನಗುತ್ತಲೇ ಸುತ್ತು ಬಳಸಿ ಹೋಗತೊಡಗಿದಳು.

ಬಾವುಟ ನೆಟ್ಟ ಎರಡನೇ ದಿನವೇ ಬಸವಪ್ರಸಾದ ತನ್ನ ಬದುವಿನ ಮೇಲೆ ಬಂದು ನಿಂತು, ನಂಬರುಗಳನ್ನು ಒಂದೊಂದಾಗಿ ಓದಿದ್ದ. ವನಿತಾ ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಅವನು ಶಿವಮಲ್ಲಣ್ಣನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದ. ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಉತ್ತರ ಬೇಗೂರಿಗೂ ಕೇಳಿಸಿರಬೇಕು.

"ನಂಗೇನೂ ಗೊತ್ತಿಲ್ಲ ಕಣ್ಲಾ ಬಸವಪ್ರಸಾದ! ಯಾರ್ಗೂ ಯೋಳ್ಬೇಡ ಅಂದವ್ರೆ!"

ಎಂಥ ನಿಯತ್ತಿನ ಮನುಷ್ಯ ಎಂದು ವನಿತಾಳ ಕಣ್ಣು ತುಂಬಿತು. ಆ ಸಂಜೆ ಅವನಿಗೆ ಎರಡು ಒಬ್ಬಟ್ಟು ಹೆಚ್ಚು ಕಟ್ಟಿಕೊಟ್ಟಳು.

ಜೀಪು ಒಂದೇ ದಿನದಲ್ಲಿ ಕಲಿತಿತ್ತು. ಪೀಂ ಎಂದರೆ ಹಿಂದಕ್ಕೆ. ನಾಲ್ಕನೇ ದಿನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು; ಪೀಂ ಎನ್ನುವ, ಆದರೆ ಶಾಕು ಹೊಡೆಯದ ಜಾಗವನ್ನು ಮೂಸಿ ಹುಡುಕಿ, ಅಲ್ಲೇ ಮುಂಗಾಲು ಚಾಚಿ ಮಲಗಿತು. ಮಧ್ಯಾಹ್ನವೆಲ್ಲ ಪೀಂ ಪೀಂ ಪೀಂ. ಎಷ್ಟು ಶಿಸ್ತು ನೋಡಿ ಎಂದು ವನಿತಾ ವಿಡಿಯೋ ಮಾಡಿ ಗಂಡನಿಗೂ ಶಿವಮಲ್ಲಣ್ಣನಿಗೂ ಕಳಿಸಿದಳು. ಗಂಡ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಶಿವಮಲ್ಲಣ್ಣ ವಿಡಿಯೋ ನೋಡಿದ್ದು ಸಂಜೆ ಕೆಲಸ ಬಿಟ್ಟ ಮೇಲೆ. ನೋಡಿದವನೇ ಫೋನು ಮಾಡಿದ.

"ಅವ್ವ, ಅದು ಮಲಗಿಲ್ಲ. ಪೀಂ ಅನ್ಸಿ ಅನ್ಸಿ ಪಟ್ಟಿ ಬ್ಯಾಟ್ರಿ ತಿಂತಾ ಅದೆ! ಪುಣಜನೂರಾನೆ ಇದ್ದಂಗದೆ ಅದು! ಕೂಸ್ ಎಲ್ಲದೆ ನೋಡು!"

ವನಿತಾ ಕಿಟಕಿಗೆ ಹಾರಿದಳು. ಪೀಂ ಸದ್ದು ಯಾವಾಗ ನಿಂತಿತ್ತೋ. ಜೀಪು ಎದ್ದು, ಮೈ ಮುರಿದು, ಆಕಳಿಸಿ, ಹದಿನೇಳನೇ ಬಾವುಟ ದಾಟಿ ಹೊಂಡದ ಕಡೆ ಹೊರಟಿತ್ತು. ಹಿಂದೆಯೇ ಗೆಜ್ಜೆ. ಕೈಯಲ್ಲಿದ್ದ ಸೌಟನ್ನೂ ಬಿಡದೆ ವನಿತಾ ಓಡಿದಳು. ಓಡುವಾಗ ಬಾಯಿಂದ ಮಗಳ ಹೆಸರೂ ಬರಲಿಲ್ಲ. ಅಂಗಳ, ತೊಟ್ಟಿ, ಹುಣಸೆಮರ. ಭಾನು ಬಾವುಟದ ಹತ್ತಿರ ತಲುಪಿಯೇಬಿಟ್ಟಿದ್ದಳು. ತಲುಪಿದವಳು ನಿಂತಳು. ತಲೆಯನ್ನು ಎಡಕ್ಕೆ ವಾಲಿಸಿದಳು. ಬಲಗಾಲು ಎತ್ತಿದಳು. ಕೊಕ್ಕರೆಯ ಹಾಗೆ ನಿಲ್ಲಲು ಹೋಗಿ ವಾಲಾಡಿ ಕುಂಡೆಯ ಮೇಲೆ ಕುಳಿತಳು. ಎದ್ದು ಮತ್ತೆ ಮೊದಲಿನಿಂದ ತಲೆ ವಾಲಿಸಿದಳು.

ಅಷ್ಟು ಹೊತ್ತು ಸಾಕಾಯಿತು. ವನಿತಾ ಮಗಳನ್ನು ಬಾಚಿ ಎದೆಗೊತ್ತಿಕೊಂಡು ಅಲ್ಲೇ ಬದುವಿನ ಮೇಲೆ ಕುಸಿದಳು. ಸೌಟಿನ ಸಾರು ಮಗುವಿನ ತಲೆಯ ಮೇಲೆಲ್ಲ ಆಗಿತ್ತು, ಪುಣ್ಯಕ್ಕೆ ಆರಿತ್ತು. ಜೀಪು ನೀರು ಕುಡಿದು ನಿಧಾನಕ್ಕೆ ವಾಪಸ್ ಬಂದು ಸಾರು ನೆಕ್ಕಿತು.

ಆ ರಾತ್ರಿ ವನಿತಾ ಗಂಡನಿಗೆ ಒಂದೇ ಮಾತು ಹೇಳಿದಳು: "ಡಬ್ಬ ವಾಪಸ್ ಕೊಡಿ. ಮೈಸೂರಲ್ಲಿ ಮನೆ ನೋಡಿ." ಚಂದ್ರಕುಮಾರ ತಲೆ ತಗ್ಗಿಸಿಕೊಂಡು ಊಟ ಮಾಡಿದ. ಮಾದಮ್ಮ ಮೊಮ್ಮಗಳ ತಲೆ ತೊಳೆದಳು.

ಬೆಳಿಗ್ಗೆ ಎದ್ದು ನೋಡಿದರೆ ಬಸವಪ್ರಸಾದನ ಹೊಂಡದ ಹತ್ತಿರ ಟ್ರ್ಯಾಕ್ಟರು ನಿಂತಿತ್ತು. ಕಲ್ಲುಕಂಬ ಇಳಿಯುತ್ತಿದ್ದವು. ಆಳೆತ್ತರದ ಜಾಲರಿಯ ಸುರುಳಿಗಳು ಇಳಿದವು. ಹಾರೆ ಹಿಡಿದು ಗುಂಡಿ ತೋಡುತ್ತಿದ್ದವನು ಶಿವಮಲ್ಲಣ್ಣ. ಮಧ್ಯಾಹ್ನದ ಹೊತ್ತಿಗೆ ಮೂರು ಮಗ್ಗುಲು ಜಾಲರಿ ನಿಂತಿತು.

ವನಿತಾ ಕಿಟಕಿಯಿಂದ ನೋಡಿದಳು. ನಿನ್ನೆಯ ಸುದ್ದಿ ತಿಳಿದು ಮನುಷ್ಯನ ಮನಸ್ಸು ಕರಗಿದೆ ಎಂದುಕೊಂಡು ಒಂದು ಚೊಂಬು ಮಜ್ಜಿಗೆ ಹಿಡಿದು ಹೋದಳು.

"ಬಸವಪ್ರಸಾದ್ ಅವ್ರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ನಮ್ಮ ಭಾನುಗೋಸ್ಕರ..."

"ಅಯ್ಯೋ, ಕೂಸು ನಮ್ದೂ ಅಲ್ವಾ ಅತ್ಗೆ" ಎಂದು ಬಸವಪ್ರಸಾದ ಮಜ್ಜಿಗೆ ತೆಗೆದುಕೊಂಡ. ಕುಡಿದು, ಮೀಸೆ ಒರೆಸಿಕೊಂಡು, ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ ಕಡೆ ರೋಡು ಎಷ್ಟಗ್ಲ ಓಯ್ತದೆ?"

"ಯಾವ ರೋಡು?"

"ಬುಡಿ ಅತ್ಗೆ, ನನ್ನತ್ರಾನೂ ಮುಚ್ಮರೇನಾ? ನಂಬ್ರ ಹಾಕಿ ಸರ್ವೆ ಬಾವ್ಟ ನೆಟ್ಟವ್ರೆ. ಚಂದ್ರಣ್ಣ ಪೇಟೇಲಿ ಇರದು, ಮುಂಚೇನೇ ಗೊತ್ತಾಗದೆ. ನಾನೂ ವಸಿ ತಿಳ್ಕಂಡಿವ್ನಿ. ಬರೀ ಹೊಂಡಕ್ಕೆ ಒಂ ಥರ ಪರಿಹಾರ, ಕಂಬ ಜಾಲ್ರಿ ಗೇಟು ಇರೋ ಹೊಂಡಕ್ಕೆ ಇನ್ನೊಂಥರ."

ವನಿತಾಳ ಬಾಯಿ ತೆರೆಯಿತು. ಸುಳ್ಳು ಅವಳ ಬಾಯಲ್ಲಿ ಒಂದು ನಿಮಿಷವೂ ನಿಲ್ಲದು. ಸ್ಕೂಲಿನಲ್ಲಿ ಅದಕ್ಕೆ ಬಹುಮಾನ ಕೂಡ ಬಂದಿತ್ತು. "ಅಯ್ಯೋ, ಅದು ರೋಡಿಂದಲ್ಲ, ಅದು..."

ಧಡ್ ಎಂದು ಹಾರೆ ಬಿದ್ದ ಸದ್ದು. ನಾಲ್ಕನೇ ಮಗ್ಗುಲಿನಿಂದ ಶಿವಮಲ್ಲಣ್ಣ ಕೂಗಿದ: "ಅವ್ವ! ಒಲೆ ಮ್ಯಾಲೆ ಹಾಲಿಟ್ಟು ಬಂದಿದ್ಯಲ್ಲಾ!"

ವನಿತಾ ಒಲೆಯ ಮೇಲೆ ಹಾಲಿಟ್ಟಿರಲಿಲ್ಲ. ಇಟ್ಟಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಟ್ಟಿದ್ದರೆ? ಅವಳು ಓಡಿದಳು. ಒಲೆ ಆರಿತ್ತು. ಗ್ಯಾಸಿನ ಗುಬುಟು ತಿರುಗಿಸಿ ನೋಡಿದಳು. ಸಿಲಿಂಡರಿನ ಹತ್ತಿರ ಮೂಸಿದಳು. ಬಾಗಿಲವರೆಗೆ ಬಂದು, ಮತ್ತೆ ಹಿಂದೆ ಹೋಗಿ ಇನ್ನೊಮ್ಮೆ ಮೂಸಿದಳು. ಅಷ್ಟರಲ್ಲಿ ಭಾನು ಎದ್ದು ಅತ್ತಳು, ಊಟ ಮಾಡಿಸಿದ್ದಾಯಿತು, ಅತ್ತೆ ಕರೆದರು. ಮತ್ತೆ ಹೊಂಡದ ಹತ್ತಿರ ಹೋಗುವಾಗ ಸೂರ್ಯ ಹುಣಸೆಮರದ ಕೆಳಗಿದ್ದ. ನಾಲ್ಕೂ ಮಗ್ಗುಲು ಜಾಲರಿ ಬಂದು, ಗೇಟು ಕೂತಿತ್ತು. ಗೇಟಿಗೆ ಬೀಗ ಬೇರೆ.

ಮಗಳನ್ನು ಸೊಂಟದ ಮೇಲಿಟ್ಟುಕೊಂಡು ವನಿತಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ರೋಡಿಲ್ಲ, ಸರ್ವೆಯಿಲ್ಲ, ಅದು ನಾಯಿಗೆ ಹಾಕಿದ ಬೇಲಿ, ನಂಬರು ಬರೆದದ್ದು ತಾನೇ, ಯಾರಿಗೂ ಹೇಳಬೇಡಿ ಎಂದದ್ದೂ ತಾನೇ, ನಗುತ್ತಾರೆ ಎಂಬ ನಾಚಿಕೆಗೆ. ಬೇಕಿದ್ದರೆ ಜಾಲರಿಯ ಖರ್ಚು ತಾವು ಕೊಡುತ್ತೇವೆ.

ಬಸವಪ್ರಸಾದ ಗಮನವಿಟ್ಟು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಮುಖ ಅರಳಿತು.

"ನಾಯಿಗೆ."

"ಹೌದು."

"ಕಣ್ಗೆ ಕಾಣ್ದೇ ಇರೋ ಬೇಲಿ."

"ಹೌದು, ನೆಲದೊಳಗಿದೆ."

"ಆಯ್ತು ಬುಡಿ ಅತ್ಗೆ" ಎಂದು ಬಸವಪ್ರಸಾದ ಕಣ್ಣು ಮಿಟುಕಿಸಿದ. "ಯೋಳ್ಬೇಡಿ ಅಂದ್ ಮ್ಯಾಲೆ ನೀವಾದ್ರೂ ಏನ್ ಮಾಡೀರಿ? ನಾನೇನೂ ಕೇಳ್ನಿಲ್ಲ, ನೀವೇನೂ ಯೋಳ್ನಿಲ್ಲ." ಹೋಗುತ್ತಾ ಹೋಗುತ್ತಾ ತಿರುಗಿ, "ನಾಯಿಗಂತೆ!" ಎಂದು ನಕ್ಕು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ರೋಡು ಬರುತ್ತದೆಂಬ ಸುದ್ದಿ ಹಬ್ಬಿ, ಆ ತಿಂಗಳಲ್ಲಿ ಆ ದಾರಿಯ ಎರಡು ಹಾಳುಬಾವಿಗಳಿಗೂ ಕಟ್ಟೆ ಬಂತು ಎಂಬುದು ಬೇರೆ ಮಾತು.

ವನಿತಾ ಶಿವಮಲ್ಲಣ್ಣನ ಕಡೆ ತಿರುಗಿದಳು. ಅವನು ಗರಿಕೆ ಕಡ್ಡಿ ಕಚ್ಚಿಕೊಂಡು ಹಾರೆಯ ಮಣ್ಣು ಕೆರೆಯುತ್ತಿದ್ದ.

"ಶಿವಮಲ್ಲಣ್ಣ, ಸರ್ವೆ ಅಂತ ಅಂದ್ಕೊಂಡಿದಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ನಂಗೇನೂ ಗೊತ್ತಿಲ್ಲ ಕಣವ್ವ!" ಎಂದ ಶಿವಮಲ್ಲಣ್ಣ. ಮೂರು ಹೊಲದಾಚೆ ಯಾರೋ ತಲೆ ಎತ್ತಿದರು.

ಹಾರೆ ಪಕ್ಕಕ್ಕಿಟ್ಟ. ಪಂಚೆ ಎತ್ತಿ ಕಟ್ಟಿದ. ಗೇಟಿನ ಮುಂದೆ ಮೊಣಕಾಲೂರಿ, ಆಮೇಲೆ ಎರಡೂ ಅಂಗೈ ಊರಿ, ತಲೆಯನ್ನು ಭಾನುವಿನ ಎತ್ತರಕ್ಕೆ ತಗ್ಗಿಸಿದ. ಗೇಟಿನ ಕೆಳಸಂದಿಗೆ ಮುಖ ತೂರಿಸಲು ನೋಡಿದ, ತೂರಲಿಲ್ಲ. ಚಿಲಕಕ್ಕೆ ಕೈ ಚಾಚಿದ, ಎಟುಕಲಿಲ್ಲ. ಹಾಗೇ ಅಂಬೆಗಾಲಲ್ಲಿ ಜಾಲರಿಯ ಗುಂಟ ಹೊರಟು, ಒಂದೊಂದು ಕಂಬದ ಬುಡದಲ್ಲೂ ಭುಜ ಕೊಟ್ಟು ನೂಕಿದ. ಎಲ್ಲೋ ಒಂದು ಕಡೆ ಅಂಗೈ ಅಗಲದ ಸಂದಿ ಸಿಕ್ಕಿತು. ಅಲ್ಲೇ ಕುಳಿತು, ಕಲ್ಲು ತುಂಬಿ, ಮಣ್ಣು ಗುದ್ದಿ, ಮತ್ತೆ ಮುಂದಕ್ಕೆ ಹೊರಟ.

ಭಾನು ಅಮ್ಮನ ಸೊಂಟದಿಂದ ಇಳಿದೇ ತೀರುತ್ತೇನೆಂದು ಕೊಸರಿದಳು. ವನಿತಾ ಇಳಿಸಿದಳು. ಮುಂದೆ ಶಿವಮಲ್ಲಣ್ಣ, ಅವನ ಹಿಂದೆ ಅಂಬೆಗಾಲಲ್ಲಿ ಭಾನು, ಅವಳ ಹಿಂದೆ ಜೀಪು. ಮೂವರೂ ಬೇಲಿಯ ಹೊರಗೆ ಹೊಂಡವನ್ನು ಒಂದು ಸುತ್ತು ಹಾಕಿ ಬಂದರು.

ಶಿವಮಲ್ಲಣ್ಣ ಎದ್ದು ನಿಂತ. ಮೊಣಕಾಲು ಕೊಡವಿಕೊಂಡು ವನಿತಾಳ ಮುಖ ನೋಡಿದ.

"ಇವಾಗ ಅದೆ" ಎಂದ.